ವಿಡಿಯೋದಲ್ಲಿ ಮೂರು ಆಯಾಮ: ಅಳೆದದ್ದೆಷ್ಟು, ಊಹಿಸಿದ್ದೆಷ್ಟು?

ಒಂದೇ ಕ್ಯಾಮೆರಾ ಸೆರೆಹಿಡಿದ ವಿಡಿಯೋದಿಂದ ನಗುವ ಮುಖದ, ಹಾರಾಡುವ ಬಟ್ಟೆಯ, ಮಿಡಿಯುವ ಹೃದಯದ ಮೂರು ಆಯಾಮದ ರೂಪವನ್ನು ಕಂಪ್ಯೂಟರ್ ಮರುರಚಿಸಬಲ್ಲದು. ಫಲಿತಾಂಶ ಬೆರಗು ಮೂಡಿಸುತ್ತದೆ. ಆದರೆ ಪರದೆಯ ಮೇಲಿನ ಆ ರೂಪದಲ್ಲಿ ಅಳತೆಯ ಪಾಲೆಷ್ಟು, ಊಹೆಯ ಪಾಲೆಷ್ಟು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಕಟ್ಟಡದಂತಹ ಗಟ್ಟಿ ವಸ್ತುಗಳ ವಿಚಾರ ಸರಳ. 1992ರಲ್ಲಿ ಕಾರ್ಲೊ ತೊಮಾಸಿ ಮತ್ತು ತಕಿಯೊ ಕನಾಡೆ ಇದಕ್ಕೊಂದು ಸಮರ್ಥ ಗಣಿತ ವಿಧಾನವನ್ನು ಪ್ರಕಟಿಸಿದರು. ವಸ್ತು ಬದಲಾಗದ ಕಾರಣ ಪ್ರತಿಯೊಂದು ಹೊಸ ಚಿತ್ರವೂ ಅದೇ ರೂಪಕ್ಕೆ ಮತ್ತೊಂದು ಸಾಕ್ಷಿಯಾಗುತ್ತದೆ.

ರೂಪ ಬದಲಿಸುವ ವಸ್ತುವಿಗೆ ಈ ಅನುಕೂಲವಿಲ್ಲ. ಅದರ ಮೇಲೆ 100 ಬಿಂದುಗಳನ್ನು ಗುರುತಿಸಿದರೆ, ಪ್ರತಿ ಚಿತ್ರಕ್ಕೂ 300 ಸಂಖ್ಯೆಗಳನ್ನು ಕಂಡುಹಿಡಿಯಬೇಕು. ಚಿತ್ರ ಒದಗಿಸುವುದು 200 ಮಾತ್ರ. ಮುಂದಿನ ಚಿತ್ರದ ವೇಳೆಗೆ ರೂಪವೇ ಬೇರೆ. ಆದ್ದರಿಂದ ಚಿತ್ರಗಳು ಹೆಚ್ಚಿದಂತೆ ಕೊರತೆ ನೀಗುವುದಿಲ್ಲ, ಬೆಳೆಯುತ್ತದೆ.

ಈ ಕೊರತೆಯನ್ನು ತುಂಬುವುದು ಊಹೆ. 2000ರಲ್ಲಿ ಕ್ರಿಸ್ ಬ್ರೆಗ್ಲರ್ ಮತ್ತು ಸಂಗಡಿಗರು, ಬದಲಾಗುವ ಪ್ರತಿ ರೂಪವೂ ಕೆಲವೇ ಮೂಲರೂಪಗಳ ಮಿಶ್ರಣವೆಂದು ಭಾವಿಸಿದರು. 2008ರಲ್ಲಿ ಇಜಾಜ್ ಅಖ್ತರ್ ಮತ್ತಿತರರು, ಪ್ರತಿ ಬಿಂದುವಿನ ಚಲನೆ ನಯವಾಗಿರುತ್ತದೆಂಬ ನೆಲೆಯಿಂದ ಹೊರಟರು. ಇವು ಸೂತ್ರದಲ್ಲಿಯೇ ಕಾಣುವ, ಪ್ರಶ್ನಿಸಬಹುದಾದ ಊಹೆಗಳು. ಇತ್ತೀಚಿನ ನರಜಾಲ ವಿಧಾನಗಳಲ್ಲಾದರೋ ಊಹೆಯ ಬಹುಪಾಲು ತರಬೇತಿಯ ದತ್ತಾಂಶದೊಳಗೆ ಅಡಗಿರುತ್ತದೆ. ಅದನ್ನು ಬೇರ್ಪಡಿಸಿ ನೋಡುವುದು ಸುಲಭವಲ್ಲ.

ಪರೀಕ್ಷಾ ವಿಧಾನಗಳೂ ದೋಷಮುಕ್ತವಾಗಿರಲಿಲ್ಲ. ಚಲಿಸುವ ದೃಶ್ಯಗಳನ್ನು ಮರುರಚಿಸುವ ಪ್ರಮುಖ ವಿಧಾನಗಳನ್ನು ಹ್ಯಾಂಗ್ ಗಾವೊ ಮತ್ತು ಸಂಗಡಿಗರು 2022ರಲ್ಲಿ ಮರುಪರಿಶೀಲಿಸಿದರು. ಬಳಕೆಯಲ್ಲಿದ್ದ ಪರೀಕ್ಷಾ ವಿಡಿಯೋಗಳು ಒಂದೇ ಕ್ಯಾಮೆರಾದ ಹೆಸರಿನಲ್ಲಿ ಹಲವು ಕೋನಗಳ ಮಾಹಿತಿಯನ್ನು ಒದಗಿಸುತ್ತಿದ್ದವು. ಸಾಮಾನ್ಯ ವಿಡಿಯೋಗಳಿಗೆ ಬಂದಾಗ ಫಲಿತಾಂಶದ ಗುಣಮಟ್ಟ ಕುಸಿಯಿತು.

ಚಲನಚಿತ್ರದಲ್ಲಿ ಇಂತಹ ತಪ್ಪಿನಿಂದ ಹಾನಿಯಿಲ್ಲ. ಶಸ್ತ್ರಚಿಕಿತ್ಸೆಯ ಮಾತು ಬೇರೆ. ಉದರದೊಳಗೆ ಇಳಿಸಿದ ಕ್ಯಾಮೆರಾದ ಮುಂದೆ ಯಕೃತ್ತು ಉಸಿರಾಟಕ್ಕೆ ಅಲುಗುತ್ತದೆ, ಉಪಕರಣ ತಾಗಿದರೆ ಬಾಗುತ್ತದೆ. ಒಳಗಿನ ಗಡ್ಡೆಯ ಸ್ಥಾನವನ್ನು ಪರದೆಯ ಮೇಲೆ ತೋರಿಸುವ ಸಂಶೋಧನೆಗಳಿಗೆ ಇದೇ ಲೆಕ್ಕಾಚಾರ ಆಧಾರ. ಅಲ್ಲಿ ಕೆಲವೇ ಮಿಲಿಮೀಟರ್ ವ್ಯತ್ಯಾಸವೂ ರೋಗಿಯ ರಕ್ತನಾಳಕ್ಕೆ ಕುತ್ತಾಗಬಹುದು.

ಊಹೆಯಿಲ್ಲದೆ ಈ ಲೆಕ್ಕ ಬಗೆಹರಿಯದು. ಆದ್ದರಿಂದ ಊಹೆಯೇ ದೋಷವಲ್ಲ. ಅದನ್ನು ಅಳತೆಯಂತೆ ಬಿಂಬಿಸುವುದು ದೋಷ. ಆಳವನ್ನು ನೇರವಾಗಿ ಅಳೆಯುವ ಕ್ಯಾಮೆರಾ ಅಥವಾ ಎರಡನೆಯ ಕಣ್ಣು ಸಾಧ್ಯವಿರುವಲ್ಲಿ ಅದನ್ನು ಬಳಸುವುದು, ಇಲ್ಲದಿದ್ದಲ್ಲಿ ಯಾವ ಭಾಗ ಎಷ್ಟು ಖಚಿತವೆಂದು ಚಿತ್ರದಲ್ಲಿಯೇ ಗುರುತಿಸುವುದು ವಿವೇಕದ ದಾರಿ. ಪರದೆಯ ರೂಪ ಸುಂದರವಾದಷ್ಟೂ ಈ ಎಚ್ಚರ ಹೆಚ್ಚು ಅಗತ್ಯ.