ತಡವಾಗಿ ಬಂದ ಹೆಸರು

ಹೆಸರಿಡುವ ಶಾಸ್ತ್ರ ತೊಟ್ಟಿಲಲ್ಲಿಯೇ ಮುಗಿಯುತ್ತದೆಂದು ನಾವೆಲ್ಲ ತಿಳಿದಿದ್ದೇವೆ. ನನಗೆ ಎರಡನೆಯ ಹೆಸರು ದೊರೆತುದು 58ನೆಯ ವಯಸ್ಸಿನಲ್ಲಿ. ಮಗಳ ಮಗನನ್ನು ಬೆಂಗಳೂರಿನ ವೈದ್ಯರೊಬ್ಬರ ಬಳಿಗೆ ಕರೆದೊಯ್ದಿದ್ದೆವು. ಅವರು ಕೇಳಿದ ಪ್ರಶ್ನೆಗಳಿಗೆ ಮಗಳು ಉತ್ತರ ಕೊಡುತ್ತಿದ್ದಳು. ಮೂಲೆಯ ಕುರ್ಚಿಯಲ್ಲಿ ಕುಳಿತ ನಾನು ಅವೇ ಪ್ರಶ್ನೆಗಳಿಗೆ ಮನಸ್ಸಿನಲ್ಲಿಯೇ ನನ್ನ ಉತ್ತರ ಹೇಳಿಕೊಳ್ಳುತ್ತಿದ್ದೆ. ಹೆಚ್ಚು ಕಡಿಮೆ ಎರಡೂ ಒಂದೇ ಆಗಿದ್ದುವು. ಕೆಲವು ತಿಂಗಳ ತರುವಾಯ ನನ್ನ ಪರೀಕ್ಷೆಯೂ ನಡೆಯಿತು. ಅಜ್ಜ ಮೊಮ್ಮಗ ಇಬ್ಬರ ಕಾಗದದ ಮೇಲೂ ಒಂದೇ ಶಬ್ದ ಬಂದಿತು: ಆಟಿಸಂ, ಕನ್ನಡದಲ್ಲಿ ಸ್ವಲೀನತೆ.

ಭೀಮರಾಯನಗುಡಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳ ಊರು. ಇಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನಾನು ಕಾಲುವೆಯ ನೀರಿನ ಲೆಕ್ಕ ಬರೆದೆನು. ಒಂದು ಅಂಕಿ ತಪ್ಪಿದರೂ ರಾತ್ರಿ ನಿದ್ರೆ ಬರುತ್ತಿರಲಿಲ್ಲ. ಅದನ್ನು ಜನ ನಿಷ್ಠೆಯೆಂದು ಮೆಚ್ಚಿದರು. ಮದುವೆಯ ಬಾಜಾ ಬಜಂತ್ರಿ ಮೊದಲಾದೊಡನೆ ಊಟದ ಪಂಕ್ತಿಯಿಂದೆದ್ದು ಕಾಲುವೆಯ ಏರಿಗೆ ಹೋಗಿ ನಿಲ್ಲುತ್ತಿದ್ದೆ. ಅದನ್ನು ಸೊಕ್ಕೆಂದು ಹಳಿದರು. ಬಾಲ್ಯದಲ್ಲಿ ಹಿರಿಯರ ಮುಖವನ್ನು ನೆಟ್ಟ ಕಣ್ಣಿನಿಂದ ನೋಡದಿದ್ದುದು ವಿನಯವೆನಿಸಿತು. ಮೀಸೆ ಬಂದ ಮೇಲೆ ಅದೇ ಕಳ್ಳತನದ ಲಕ್ಷಣವೆನಿಸಿತು. ನನ್ನ ಸ್ವಭಾವ ಇದ್ದಂತೆಯೇ ಇದ್ದಿತು. ಅದಕ್ಕೆ ಬರೆದ ಟೀಕೆಗಳು ಮಾತ್ರ ಬದಲಾದುವು.

ಈ ಶಬ್ದದ ಕಥೆಯೂ ವಿಚಿತ್ರವಾದುದು. ಗ್ರೀಕಿನ 'ತಾನು' ಎಂಬರ್ಥದ ಪದದಿಂದ ಇದನ್ನು ರೂಪಿಸಿದವನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್. ಅವನು ಅದನ್ನು ಬಳಸಿದುದು ಬೇರೊಂದು ಮನೋರೋಗದ ವರ್ಣನೆಗೆ. 1943ರಲ್ಲಿ ಅಮೆರಿಕದ ಲಿಯೊ ಕ್ಯಾನರ್ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಗೆ ಆ ಹೆಸರನ್ನು ತಂದನು. ಬಹುಕಾಲ ಇದನ್ನು ಮಕ್ಕಳ ವ್ಯಾಧಿಯೆಂದೇ ಎಣಿಸಿದುದರಿಂದ, ಮಾತು ಬಲ್ಲ, ಸಂಬಳ ತರುವ ದೊಡ್ಡವರನ್ನು ಯಾರೂ ಈ ಕಣ್ಣಿನಿಂದ ನೋಡಲಿಲ್ಲ.

ಸ್ವಲೀನತೆಯೆಂಬುದು ಕಿವಿಗೆ ಇಂಪಾದ ಪದವೇನೋ ಸರಿ. ಆದರೆ ತನ್ನಲ್ಲಿಯೇ ಲೀನನಾದವನಿಗೆ ಹೊರಗಿನ ಗದ್ದಲ ಕೇಳಿಸಬಾರದಷ್ಟೆ? ನನಗೆ ಅದು ಇತರರಿಗಿಂತ ಹೆಚ್ಚಾಗಿ ಕೇಳಿಸುತ್ತದೆ. ಲೋಕವನ್ನು ನಾನು ತೊರೆದವನಲ್ಲ. ಅದು ಒಮ್ಮೆಲೇ ಒಳನುಗ್ಗುವುದರಿಂದ ಬಾಗಿಲನ್ನು ಅರೆ ಮುಚ್ಚಿಕೊಂಡವನು.

"ಈ ವಯಸ್ಸಿನಲ್ಲಿ ತಿಳಿದು ಏನು ಪ್ರಯೋಜನ?" ಎಂದು ಮಿತ್ರರು ಕೇಳುವುದುಂಟು. ಇದು ಔಷಧದಿಂದ ಹೋಗುವ ರೋಗವಲ್ಲ; ಕಳೆದ ವರ್ಷಗಳೂ ಹಿಂದಿರುಗಲಾರವು. ಮೊದಲ ಕೆಲವು ವಾರ ನನಗೂ ದುಃಖವೇ ಹೆಚ್ಚಾಗಿತ್ತು. ಊರಿಗೆ ಬಂದು ಮಡದಿಗೆ ಕಾಗದವನ್ನು ಓದಿ ಹೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ನಿಮಗ ನನ್ನ ಮ್ಯಾಲ ಸಿಟ್ಟದ ಅಂತ ತಿಳ್ಕೊಂಡಿದ್ದೆ" ಎಂದಳು. ನನ್ನ ಮೌನದ ಹೊಣೆಯನ್ನು ಆಕೆ ಮೂವತ್ತು ವರ್ಷ ಹೊತ್ತಿದ್ದಳು. ಅದನ್ನು ಇಳಿಸಿತೆಂಬುದೊಂದೇ ಸಾಕು, ಆ ಕಾಗದ ವ್ಯರ್ಥವಾಗಲಿಲ್ಲ.

ಕ್ಯಾನರನ ವೃತ್ತಾಂತದ ಮೊದಲ ಬಾಲಕ ಡೊನಾಲ್ಡ್ ಟ್ರಿಪ್ಲೆಟ್. ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವನು. ಕಾಲೇಜು ಓದಿ, ಬ್ಯಾಂಕಿನಲ್ಲಿ ದುಡಿದು, ಗಾಲ್ಫ್ ಆಡುತ್ತ, ಒಬ್ಬನೇ ದೇಶ ಸುತ್ತುತ್ತ 89 ವರ್ಷ ಬಾಳಿ 2023ರಲ್ಲಿ ತೀರಿಕೊಂಡನು. ಅನುಕೂಲಸ್ಥರ ಮನೆಯ ಮಗನೆಂಬುದು ನಿಜ. ಆದರೆ ಊರಿನವರು ಅವನನ್ನು ಅವನಿದ್ದಂತೆ ತಮ್ಮವನೆಂದು ಒಪ್ಪಿಕೊಂಡಿದ್ದುದೂ ಅಷ್ಟೇ ನಿಜ. ಹಣವಿಲ್ಲದ ಊರೂ ಮಾಡಬಹುದಾದ ಕೆಲಸವಿದು.

ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಗುರುತಿಸಿದ 21 ಸ್ಥಿತಿಗಳಲ್ಲಿ ಆಟಿಸಮ್ಮೂ ಒಂದು. ಕಾಯಿದೆಯೇನೋ ಬಂದಿದೆ, ಆದರೆ ದೊಡ್ಡವನೊಬ್ಬ ತನ್ನನ್ನು ತಾನು ತಿಳಿದುಕೊಳ್ಳಲು ರಾತ್ರಿಯೆಲ್ಲ ಪ್ರಯಾಣ ಮಾಡಬೇಕಾಗಿ ಬರುವುದು ನ್ಯಾಯವಲ್ಲ. ಜಿಲ್ಲೆಯ ಆಸ್ಪತ್ರೆಯಲ್ಲಿ ಬಲ್ಲವರು ತಿಂಗಳಿಗೊಂದು ದಿನವಾದರೂ ಕುಳಿತು, ವಯಸ್ಕರ ಪರೀಕ್ಷೆಯನ್ನೂ ನಡೆಸುವಂತಾಗಲಿ.

ಅದಕ್ಕಿಂತ ಮೊದಲು ಆಗಬೇಕಾದುದು ಶಾಲೆಯಲ್ಲಿ. ನನ್ನ ಬಾಲ್ಯದ ಮಾಸ್ತರರೊಬ್ಬರು "ಮುಖ ನೋಡಿ ಉತ್ತರ ಹೇಳು" ಎಂದು ಬೆತ್ತ ಎತ್ತುತ್ತಿದ್ದರು. ಮುಖ ನೋಡಿದರೆ ನನಗೆ ಉತ್ತರ ಮರೆಯುತ್ತಿತ್ತು. ಅವರು ದುಷ್ಟರಲ್ಲ, ಅವರಿಗೂ ಯಾರೂ ತಿಳಿಹೇಳಿರಲಿಲ್ಲ. ಇಂದಿನ ಉಪಾಧ್ಯಾಯರಿಗೆ ಆ ನೆಪವಿಲ್ಲ. ಕಿಟಕಿಯ ಕಡೆ ತಿರುಗಿ ಸರಿಯುತ್ತರ ಹೇಳುವ ಹುಡುಗನಿಗೆ ಪೂರ್ಣ ಅಂಕ ಕೊಡಿರಿ, ಮುಖ ತಿರುಗಿಸಿದುದಕ್ಕೆ ಕಳೆಯಬೇಡಿರಿ.

ಮೊಮ್ಮಗ ರಜೆಗೆ ಬಂದಿದ್ದಾನೆ. ಸಂಜೆ ಇಬ್ಬರೂ ಏರಿಯ ಮೇಲೆ ಕುಳಿತು ನೀರು ನೋಡುತ್ತೇವೆ, ಹೆಚ್ಚು ಮಾತಿಲ್ಲ. ಅವನ ಹೆಸರು ಅವನಿಗೆ ಐದನೆಯ ವರ್ಷದಲ್ಲಿಯೇ ದೊರೆತಿದೆ. ಅದು ಬೈಗುಳವಾಗದಂತೆ ನೋಡಿಕೊಳ್ಳುವ ಭಾರ ದೊಡ್ಡವರಾದ ನಮ್ಮೆಲ್ಲರದು.