ವಾಸಿಯಾಗದವರ ಲೆಕ್ಕ ಎಲ್ಲಿದೆ?

2025ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾಂಪ್ರದಾಯಿಕ ವೈದ್ಯಪದ್ಧತಿಗಳಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆ ಕುರಿತ ತಾಂತ್ರಿಕ ಟಿಪ್ಪಣಿ ಹೊರತಂದಿತು. ಆಯುಷ್ ಸಚಿವಾಲಯ ಅದನ್ನು ಸಂಭ್ರಮದಿಂದ ಬರಮಾಡಿಕೊಂಡಿತು. ಅದಕ್ಕೂ ಮೊದಲೇ, 2022ರ ನಿಯಮಾವಳಿ ಹೋಮಿಯೋಪಥಿ ಪದವಿಯಾದ ಬಿಎಚ್‌ಎಂಎಸ್ ವಿದ್ಯಾರ್ಥಿಗಳ ಪಠ್ಯದಲ್ಲಿ ಜೀವಸಂಖ್ಯಾಶಾಸ್ತ್ರಕ್ಕೆ ಜಾಗ ಕೊಟ್ಟಿತ್ತು. ಎರಡನ್ನೂ ಒಟ್ಟಿಗಿಟ್ಟು ಈಗ ಒಂದು ವಾದ ಹುಟ್ಟಿಕೊಂಡಿದೆ: ಹೊರರೋಗಿ ವಿಭಾಗಗಳ ದಾಖಲೆ ಗಣಕಕ್ಕೆ ಹೋಗಲಿ, ಯಾವ ಲಕ್ಷಣಕ್ಕೆ ಯಾವ ಹೋಮಿಯೋಪಥಿ ಮದ್ದು ಹೊಂದುತ್ತದೆಂದು ಅಂಕಿಗಳೇ ಹೇಳುತ್ತವೆ.

ಹೇಳುವುದಿಲ್ಲ. ಈಗಿನ ದಾಖಲೆಗಳಿಂದ ಹೊರಬರುವ ಅಂಕಿಗಳು ವೈದ್ಯರ ಕೈ ಯಾವ ಸೀಸೆಯತ್ತ ಹೋಗುತ್ತದೆಂಬುದನ್ನು ಹೇಳುತ್ತವೆ. ಸೀಸೆಯೊಳಗಿನ ಗುಳಿಗೆ ಏನು ಮಾಡಿತು ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ಸಂಖ್ಯಾಶಾಸ್ತ್ರವನ್ನು ನಾನು ದೂರುತ್ತಿಲ್ಲ. ಅದು ಕೇಳುವ ಮೊದಲ ಪ್ರಶ್ನೆಗೇ ನಾವು ಉತ್ತರ ಬರೆದಿಟ್ಟಿಲ್ಲ ಎನ್ನುತ್ತಿದ್ದೇನೆ. ಕೊಡಗಿನಲ್ಲಿ ನಿಂತು ನೋಡಿದರೆ ಇದು ಬೇಗ ಅರ್ಥವಾಗುತ್ತದೆ.

ಕಕ್ಕಡ ಮಾಸದ ಮಳೆ ಹಿಡಿಯಿತೆಂದರೆ ಇಲ್ಲಿ ನೋಯದ ಮೊಣಕಾಲೇ ಅಪರೂಪ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಬಟ್ಟೆ ಒಣಗುವುದಿಲ್ಲ, ಗೋಡೆ ಬೆವರುತ್ತದೆ, ತೋಟದ ಕಾರ್ಮಿಕರ ಲೈನ್ ಮನೆಗಳ ನೆಲವೂ ತೇವ. ಮಳೆ ತೇವಕ್ಕೆ ಹೆಚ್ಚುವ, ನಡೆದಾಡಿದರೆ ಸಡಿಲವಾಗುವ ಗಂಟುನೋವೆಂದರೆ ಹೋಮಿಯೋಪಥಿ ವೈದ್ಯರಿಗೆ ತಕ್ಷಣ ನೆನಪಾಗುವುದು ರಸ್ ಟಾಕ್ಸ್. ತೇವವೆಂದರೆ ಡಲ್ಕಮಾರ, ನೇಟ್ರಮ್ ಸಲ್ಫ್ ಕೂಡ ಸಾಲಿಗೆ ಬರುತ್ತವೆ. ಪುಸ್ತಕದಲ್ಲಿ ಇದು ಬಲವಾದ ಲಕ್ಷಣ.

ಲೆಕ್ಕ ತಿಳಿಯಾಗಲೆಂದು ಕೆಲವು ಅಂಕಿಗಳನ್ನು ನಾನೇ ಊಹಿಸಿ ಇಡುತ್ತೇನೆ. ರಸ್ ಟಾಕ್ಸ್ ತೆಗೆದುಕೊಂಡು ಗುಣ ಕಂಡವರು 100 ಮಂದಿ, ಅವರಲ್ಲಿ 80 ಮಂದಿಗೆ ಮಳೆಗೆ ನೋವು ಹೆಚ್ಚುತ್ತಿತ್ತು ಎನ್ನೋಣ. ವೈದ್ಯರು ನಿಲ್ಲುವುದು ಇಲ್ಲೇ. 100ಕ್ಕೆ 80, ಇನ್ನೇನು ಬೇಕು? ಬೇಕಿರುವುದು ಉಳಿದವರ ಲೆಕ್ಕ. ಬೇರೆ ಮದ್ದು ಪಡೆದವರಲ್ಲಿ ಎಷ್ಟು ಜನಕ್ಕೆ ಇದೇ ಲಕ್ಷಣವಿತ್ತು? ಮಳೆ ಕಡಿಮೆಯ ಬಯಲುಸೀಮೆಯ ಚಳ್ಳಕೆರೆಯಲ್ಲಿ ಅದು 100ಕ್ಕೆ 10 ಇದ್ದರೆ, 80ನ್ನು 10ರಿಂದ ಭಾಗಿಸಿ: 8. ಲಕ್ಷಣಕ್ಕೆ ತೂಕವಿದೆ. ಮಡಿಕೇರಿಯಲ್ಲಿ ಉಳಿದವರಲ್ಲೂ 100ಕ್ಕೆ 70 ಜನ ಅದನ್ನೇ ಹೇಳಿದರೆ, 80ನ್ನು 70ರಿಂದ ಭಾಗಿಸಬೇಕು. ಒಂದರ ಮೇಲೆ ಚೂರು. 80ರ ಬದಲು 90 ಇಟ್ಟರೂ ಒಂದೂಕಾಲು ದಾಟಿ ಬಹಳ ದೂರ ಹೋಗುವುದಿಲ್ಲ. ಅದೇ ವೈದ್ಯ, ಅದೇ ಸೀಸೆ, ಅದೇ ಪುಸ್ತಕ. ಘಟ್ಟದ ಮೇಲೆ ಬಂದ ಕೂಡಲೇ ಲಕ್ಷಣ ಯಾವ ಮದ್ದನ್ನೂ ಬೇರ್ಪಡಿಸದಾಯಿತು. ಎಲ್ಲರೂ ಹೇಳುವ ಮಾತು ಯಾರನ್ನೂ ಗುರುತಿಸಿಕೊಡುವುದಿಲ್ಲ.

ಆ ಛೇದ, ಭಾಗಾಕಾರದ ಕೆಳಗಿನ ಅಂಕಿ, ಯಾರ ಪುಸ್ತಕದಲ್ಲೂ ಇಲ್ಲ. ಬೋನಿಂಗ್‌ಹೌಸನ್ 1832ರಲ್ಲಿ, ಯಾವ ಲಕ್ಷಣಕ್ಕೆ ಯಾವ ಮದ್ದೆಂದು ಪಟ್ಟಿ ಮಾಡುವ ಲಕ್ಷಣಕೋಶ ಪ್ರಕಟಿಸಿದಾಗಲೂ ಇರಲಿಲ್ಲ. 1897ರಲ್ಲಿ ಹೊರಬಂದ ಕೆಂಟ್‌ನ ಕೋಶದಲ್ಲೂ ಇಲ್ಲ. ಕೋಶದಲ್ಲಿ ದಪ್ಪ ಅಕ್ಷರದಲ್ಲಿರುವ ಮದ್ದಿಗೆ ಮೂರು ಅಂಕ, ಓರೆ ಅಕ್ಷರಕ್ಕೆ ಎರಡು, ಸಾದಾ ಅಕ್ಷರಕ್ಕೆ ಒಂದು: ಇಂದಿನ ತಂತ್ರಾಂಶಗಳು ಕೂಡುತ್ತಿರುವುದು ಇದನ್ನೇ. ಸಲ್ಫರ್, ಲೈಕೊಪೋಡಿಯಮ್‌ನಂಥ ದೊಡ್ಡ ಮದ್ದುಗಳು ಹೆಚ್ಚು ಬಳಕೆಯಾಗುವುದರಿಂದ ಹೆಚ್ಚು ಸಾಲುಗಳಲ್ಲಿ ಕಾಣಿಸಿಕೊಳ್ಳುತ್ತವೆ, ಹೆಚ್ಚು ಸಾಲುಗಳಲ್ಲಿ ಇರುವುದರಿಂದ ಮತ್ತೆ ಹೆಚ್ಚು ಬಳಕೆಯಾಗುತ್ತವೆ. ಇದನ್ನು ಗಣಕಕ್ಕೆ ಹಾಕಿದರೆ ವೃತ್ತ ಇನ್ನಷ್ಟು ವೇಗವಾಗಿ ತಿರುಗುತ್ತದೆ, ಅಷ್ಟೆ.

ಈ ದೋಷವನ್ನು ಹೋಮಿಯೋಪಥಿಯ ಒಳಗಿನವರೇ ಗುರುತಿಸಿದ್ದಾರೆ. ನೆದರ್ಲೆಂಡ್ಸ್‌ನ ವೈದ್ಯ ಲೆಕ್ಸ್ ರಟ್ಟೆನ್ ಮತ್ತು ಸಂಗಡಿಗರು ಹತ್ತು ವೈದ್ಯರ ರೋಗಿಗಳಲ್ಲಿ ಆರು ಲಕ್ಷಣಗಳನ್ನು ಮುಂಚಿತವಾಗಿಯೇ ಆರಿಸಿ, ಮೇಲಿನ ಭಾಗಾಕಾರವನ್ನೇ ಬಳಸುವ ಬೇಯ್ಸ್ ಸೂತ್ರದಂತೆ ತೂಗಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವಿನ ಭಯ, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಅನ್ಯಾಯ ಸಹಿಸದಿರುವುದು, ಅತಿಮಾತು, ಮುಂದೇನಾಗುವುದೋ ಎಂಬ ಆತಂಕಕ್ಕೆ ಭೇದಿ, ತುಟಿಯ ಮೇಲೆ ಮರಳಿ ಬರುವ ಹುಣ್ಣು. ಕೋಶದ ಅಂಕ ನೀಡಿಕೆಯನ್ನೇ ಬದಲಿಸಬೇಕೆಂಬುದು ಅವರ ನಿಲುವು. ಆ ಪ್ರಾಮಾಣಿಕತೆಗೆ ನನ್ನ ಗೌರವವಿದೆ. ಆದರೆ ಅಲ್ಲೂ ಒಂದು ಗಂಟು ಬಿಚ್ಚಿಲ್ಲ. ಅತಿಮಾತಿಗೆ ಲ್ಯಾಕೆಸಿಸ್ ಎಂದು ಕಾಲೇಜಿನಲ್ಲಿ ಕಲಿತವರು ಮಾತುಗಾರ ರೋಗಿಗಳಿಗೆ ಲ್ಯಾಕೆಸಿಸ್ಸನ್ನೇ ಕೊಡುತ್ತಾರೆ. ಮುಂದೆ ಲ್ಯಾಕೆಸಿಸ್‌ನಿಂದ ಗುಣವಾದವರನ್ನು ಎಣಿಸಿದರೆ ಅಲ್ಲಿ ಮಾತುಗಾರರೇ ಹೆಚ್ಚಿರಬೇಕಲ್ಲ! ಹಾಕಿದ ಬೀಜವೇ ಬೆಳೆಯಾಗಿ ಬಂದಿದೆ. ರಟ್ಟೆನ್ ಕೂಡ ಈ ಅಪಾಯವನ್ನು ಒಪ್ಪಿ ಬರೆದಿದ್ದಾರೆ. ನಮ್ಮಲ್ಲಿಗೆ ಅವರ ಸೂತ್ರ ಮಾತ್ರ ಬಂದಿದೆ, ಎಚ್ಚರಿಕೆ ಬಂದಿಲ್ಲ.

ಇನ್ನು 'ಗುಣವಾಯಿತು' ಎಂಬ ಪದ. 2020ರ ಜನವರಿ 29ರಂದು ಆಯುಷ್ ಸಚಿವಾಲಯ ಕೊರೊನಾ ತಡೆಗೆ ಆರ್ಸೆನಿಕಮ್ ಆಲ್ಬಮ್ 30ನ್ನು ಸೂಚಿಸಿತು. ಕೊಡಗಿನಲ್ಲಿ ಮೊದಲ ಪ್ರಕರಣ ದೃಢಪಟ್ಟಿದ್ದು ಮಾರ್ಚ್ 19ಕ್ಕೆ. ಮೇ 1ರಂದು ಕೇಂದ್ರ ಹೊರಡಿಸಿದ ಪಟ್ಟಿಯಲ್ಲಿ ಜಿಲ್ಲೆ ಹೊಸ ಪ್ರಕರಣಗಳಿಲ್ಲದ ಹಸಿರು ವಲಯದಲ್ಲಿತ್ತು. 2011ರ ಗಣತಿಯಂತೆ ಇಲ್ಲಿನ ಜನಸಂಖ್ಯೆ 5,54,519. ಆ ಆರು ವಾರ ಇಷ್ಟೂ ಜನರಿಗೆ ಗುಳಿಗೆ ಹಂಚಿದ್ದರೆ ಯಶಸ್ಸು ಹೆಚ್ಚುಕಡಿಮೆ ನೂರಕ್ಕೆ ನೂರರಷ್ಟು ಕಾಣುತ್ತಿತ್ತು. ಯಾರಿಗೂ ಹಂಚದಿದ್ದರೂ ಅಷ್ಟೇ ಕಾಣುತ್ತಿತ್ತು. ಮಳೆಗಾಲದ ನೆಗಡಿಗೂ ಇದೇ ಮಾತು; ವಾರದಲ್ಲಿ ತಾನಾಗಿ ಇಳಿಯುವ ಕಾಯಿಲೆ ಯಾವ ಗುಳಿಗೆಗಾದರೂ ಹೆಸರು ತಂದುಕೊಡುತ್ತದೆ.

ಹಾಗಿದ್ದರೆ ಎಣಿಸುವುದು ಹೇಗೆ? ದಾರಿ ಹುಡುಕಲು ರಟ್ಟೆನ್ ಅವರ ನೆದರ್ಲೆಂಡ್ಸ್‌ಗೆ ಹೋಗಬೇಕಿಲ್ಲ. ಹಾನಿಮನ್ ಹೋಮಿಯೋಪಥಿಯ ಎಳೆ ಹಿಡಿದದ್ದು 1790ರಲ್ಲಿ, ವೈದ್ಯ ಕಲನ್‌ನ ಔಷಧಗ್ರಂಥ ಅನುವಾದಿಸುತ್ತ ಸಿಂಕೋನ ತೊಗಟೆಯನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡಾಗ. ಮುಕ್ಕಾಲು ಶತಮಾನದ ಬಳಿಕ ಅದೇ ತೊಗಟೆ ನಮ್ಮ ದಕ್ಷಿಣದಲ್ಲೇ ಪರೀಕ್ಷೆಗೆ ನಿಂತಿತು. 1866ರಿಂದ 1868ರ ನಡುವೆ ಮದ್ರಾಸಿನ ಸಿಂಕೋನ ಆಯೋಗ ಆ ತೊಗಟೆಯ ನಾಲ್ಕು ಸಾರಗಳನ್ನು ಜ್ವರಪೀಡಿತರಿಗೆ ಕೊಟ್ಟು ನೋಡಿತು. ಕಾಫಿ ತೋಟಗಳನ್ನು ಮಲೇರಿಯಾ ಕಾಡುತ್ತಿದ್ದ ಕಾಲ ಅದು. ಕ್ವಿನೈನ್ ದುಬಾರಿ, ಅಗ್ಗದ ಸಾರಗಳು ಸಾಕಾಗುತ್ತವೆಯೇ ಎಂಬುದು ಪ್ರಶ್ನೆ. ಆಯೋಗ ಕೊಟ್ಟ ಉತ್ತರದ ರೂಪವನ್ನು ಗಮನಿಸಿ: ಸಾವಿರ ರೋಗಿಗಳಿಗೆ ವಿಫಲವಾದದ್ದು ಕ್ವಿನಿಡಿನ್ 6, ಕ್ವಿನೈನ್ 7, ಸಿಂಕೊನಿಡಿನ್ 10, ಸಿಂಕೊನಿನ್ 23.

ವಿಫಲವಾದದ್ದು. ಆ ನಾಲ್ಕು ಅಂಕಿಗಳ ಬೆಲೆ ಇರುವುದೇ ಅಲ್ಲಿ. ವಾಸಿಯಾದವರನ್ನು ಹೇಳಿದ್ದರೆ 994, 993, 990, 977 ಆಗುತ್ತಿತ್ತು. ನಾಲ್ಕೂ ಒಂದೇ ಥರ ಕಂಡು, ಎಲ್ಲವೂ ಅಮೃತವೆನಿಸುತ್ತಿತ್ತು. ಸೋತವರನ್ನು ಬರೆದದ್ದರಿಂದ ಸಿಂಕೊನಿನ್ ಕ್ವಿನೈನ್‌ಗಿಂತ ಮೂರು ಪಟ್ಟಿಗೂ ಹೆಚ್ಚು ಸೋಲುತ್ತದೆಂಬುದು ಕಣ್ಣಿಗೆ ಹೊಡೆಯಿತು. ಚೀಟಿ ಎತ್ತಿ ಹಂಚುವ ಪದ್ಧತಿ ಆಗ ರೂಢಿಯಲ್ಲಿರಲಿಲ್ಲ, ಇಂದಿನ ಅಳತೆಗೆ ಅದು ಪೂರ್ಣ ಪರೀಕ್ಷೆಯಲ್ಲ. ಆದರೂ ಒಂದು ಮದ್ದನ್ನು ಇನ್ನೊಂದರ ಪಕ್ಕ ನಿಲ್ಲಿಸಿ, ಸೋಲನ್ನು ಕಾಗದಕ್ಕೆ ಇಳಿಸುವ ಧೈರ್ಯ ಆ ಕಾಲದವರಿಗಿತ್ತು.

ಪಕ್ಕದಲ್ಲಿ ನಿಲ್ಲಿಸಿದಾಗ ಹೋಮಿಯೋಪಥಿಗೆ ಏನಾಯಿತು ಎಂಬುದೂ ಗುಟ್ಟಲ್ಲ. 2005ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಬಂದ ಅಧ್ಯಯನ 110 ಹೋಮಿಯೋಪಥಿ ಪರೀಕ್ಷೆಗಳನ್ನು ಅಷ್ಟೇ ಸಂಖ್ಯೆಯ ಅಲೋಪಥಿ ಪರೀಕ್ಷೆಗಳೊಂದಿಗೆ ಹೋಲಿಸಿತು; ಫಲ ಹೋಮಿಯೋಪಥಿಯ ಪರ ಬರಲಿಲ್ಲ. 2015ರಲ್ಲಿ ಆಸ್ಟ್ರೇಲಿಯದ ವೈದ್ಯಕೀಯ ಸಂಶೋಧನಾ ಮಂಡಳಿ 176 ಅಧ್ಯಯನಗಳನ್ನು ಜಾಲಾಡಿ, ಹೋಮಿಯೋಪಥಿ ಪರಿಣಾಮಕಾರಿ ಎನ್ನಲು ವಿಶ್ವಾಸಾರ್ಹ ಪುರಾವೆ ಇರುವ ಕಾಯಿಲೆ ಒಂದೂ ಇಲ್ಲವೆಂದಿತು. ಇದನ್ನು ಒಪ್ಪದ ವೈದ್ಯರು ಹೇಳುವುದೊಂದೇ: ಆ ಪರೀಕ್ಷೆಗಳು ಕಾಯಿಲೆಯ ಹೆಸರಿಗೆ ಮದ್ದು ಕೊಟ್ಟವು, ನಾವು ವ್ಯಕ್ತಿಯ ಲಕ್ಷಣಕ್ಕೆ ಕೊಡುತ್ತೇವೆ. ಸರಿ, ಆ ವಾದವನ್ನೇ ಪರೀಕ್ಷೆಗೆ ಒಡ್ಡಬಹುದು. ವೈದ್ಯರೇ ಲಕ್ಷಣ ಕೇಳಿ ಮದ್ದು ಆರಿಸಲಿ. ಅರ್ಧ ಜನಕ್ಕೆ ಆ ಮದ್ದು, ಇನ್ನರ್ಧಕ್ಕೆ ಬರೀ ಸಕ್ಕರೆ ಗುಳಿಗೆ ಹೋಗಲಿ, ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಾಗದಿರಲಿ. ಆಗ ಬೇಯ್ಸ್ ಸೂತ್ರಕ್ಕೆ ತಿನ್ನಲು ಏನಾದರೂ ಸಿಗುತ್ತದೆ.

ನನ್ನ ಅಸಹನೆಗೆ ಕಾರಣ ಪುಸ್ತಕದ ಜಗಳವಲ್ಲ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು, ಲೈನ್ ಮನೆಯಿಂದಲೋ ಹಾಡಿಯಿಂದಲೋ ಜ್ವರದ ಮಗುವನ್ನು ಎತ್ತಿಕೊಂಡು ವಿರಾಜಪೇಟೆಗೆ ಬರುವ ತಾಯಿ ನನ್ನ ಕಣ್ಣ ಮುಂದಿದ್ದಾಳೆ. ಅದು ಡೆಂಗಿಯೋ, ಇಲಿ ಜ್ವರವೋ? 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಇಂಥ ಜ್ವರದಲ್ಲಿ ರಕ್ತ ಪರೀಕ್ಷೆಗೆ ಆಗುವ ಎರಡು ದಿನದ ತಡ ಜೀವಕ್ಕೆ ಎರವಾಗಬಲ್ಲದು. ಮೈ ಮುರಿಯುವ ನೋವಿಗೆ ಯುಪಟೋರಿಯಮ್ ಎಂದು ಪರದೆಯ ಮೇಲೆ ಶೇಕಡಾವಾರು ಸಮೇತ ಮೂಡಿದರೆ, ಆ ತಾಯಿ ಅದನ್ನು ಪ್ರಶ್ನಿಸುವುದಾದರೂ ಹೇಗೆ?

ಆದ್ದರಿಂದ ಯಂತ್ರ ತರುವ ಮೊದಲು ದಾಖಲೆಯ ನಮೂನೆ ಬದಲಾಗಲಿ. ಆರಿಸಿದ ಲಕ್ಷಣಗಳನ್ನು ಬಂದ ಪ್ರತಿಯೊಬ್ಬ ರೋಗಿಗೂ ಕೇಳಿ ಬರೆಯಬೇಕು, ಇಲ್ಲವೆಂದರೆ ಇಲ್ಲವೆಂದೂ ಬರೆಯಬೇಕು. ಮತ್ತೆ ಬಾರದ ರೋಗಿಯನ್ನು ವಾಸಿಯಾದವರ ಪಟ್ಟಿಗೆ ಸೇರಿಸದೆ, ಮನೆಗೆ ಆಶಾ ಕಾರ್ಯಕರ್ತೆಯನ್ನು ಕಳಿಸಿ ವಿಚಾರಿಸಬೇಕು. ಬೇರೆ ಆಸ್ಪತ್ರೆಗೆ ಹೋದರೇ, ಯಾವ ದಿನ ಹೋದರು ಎಂಬುದೂ ದಾಖಲಾಗಬೇಕು. ಇವಕ್ಕೆ ಕೃತಕ ಬುದ್ಧಿಮತ್ತೆ ಬೇಡ. ಗೆರೆ ಎಳೆದ ಒಂದು ರಿಜಿಸ್ಟರ್ ಸಾಕು, ಅದರಲ್ಲಿ 'ವಾಸಿಯಾಗಲಿಲ್ಲ' ಎಂಬ ಕಾಲಂ ಇರಬೇಕು. ಮುಂದಿನ ಮಳೆಗಾಲ ಮುಗಿದಾಗ ಸಚಿವಾಲಯ ಮೊದಲು ಆ ಕಾಲಂನ ಮೊತ್ತವನ್ನು ಪ್ರಕಟಿಸಲಿ.