ವಿ.ಟಿ.ಯ ಕಲ್ಲುಗಳಿಗೂ ಕೈಗಳು ಬೇಕು

ನೇಮಕಾತಿ ಪರೀಕ್ಷೆ ಬರೆಯಲು ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ ಹತ್ತಿ ಮುಂಬೈಗೆ ಹೋಗಿದ್ದೆ. ಪರೀಕ್ಷೆ ಮುಗಿಸಿ ಬಂದಾಗ ಊರಿನ ರೈಲಿಗೆ ಇನ್ನೂ ಹೊತ್ತಿತ್ತು. ಹಳಬರ ಬಾಯಲ್ಲಿ ಇಂದಿಗೂ ‘ವಿ.ಟಿ.’ಯಾಗಿರುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ ಎದುರು ನಿಂತು ತಲೆ ಎತ್ತಿ ನೋಡಿದೆ.

ಬಾಗಿಲ ಕಂಬಗಳ ಮೇಲೆ ಬ್ರಿಟನ್ನಿನ ಸಂಕೇತವಾಗಿ ಸಿಂಹ, ಭಾರತದ ಸಂಕೇತವಾಗಿ ಹುಲಿ. ನಡುವೆ ಎಂಟು ಮೂಲೆಯ ಕಲ್ಲಿನ ಗುಮ್ಮಟ. ಮೊನಚು ಕಮಾನುಗಳು ಇಟಲಿಯ ಗೋಥಿಕ್ ಶೈಲಿಯವು. ಗೋಪುರಗಳಲ್ಲಿ ನಮ್ಮ ಅರಮನೆಗಳ ಛಾಯೆಯಿದೆ. ವಿನ್ಯಾಸ ಎಫ್.ಡಬ್ಲ್ಯು. ಸ್ಟೀವನ್ಸ್ ಅವರದು. 1878ರಲ್ಲಿ ಶುರುವಾದ ಕೆಲಸಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು. 2004ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಸಂಗತಿ: ಗೋಡೆಗಳ ಮೇಲಿನ ಎಲೆ, ಹೂ, ಪ್ರಾಣಿ, ಪಕ್ಷಿಗಳ ಅಲಂಕಾರದಲ್ಲಿ ಮುಂಬೈನ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಯಿದೆ. ಅಂದರೆ ನಮ್ಮದೇ ವಯಸ್ಸಿನವರು!

2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟವು ನವದೆಹಲಿ, ಅಹಮದಾಬಾದ್‌ ಮತ್ತು ಈ ನಿಲ್ದಾಣದ ಮರು ಅಭಿವೃದ್ಧಿಗೆ ಒಟ್ಟು ಸುಮಾರು 10,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಭಿವೃದ್ಧಿ ಬೇಡ ಎನ್ನಲಾಗದು. 18 ಪ್ಲಾಟ್‌ಫಾರ್ಮ್‌ಗಳಲ್ಲೂ ಜನಜಂಗುಳಿ. ಲಗೇಜು ಹೊತ್ತ ವೃದ್ಧರು ಪಡುವ ಪಾಡು ಕಣ್ಣಾರೆ ಕಂಡಿದ್ದೇನೆ. ಆದರೆ ಇಕ್ಕಟ್ಟಿರುವುದು ಪ್ಲಾಟ್‌ಫಾರ್ಮ್‌ಗಳಲ್ಲಿ. ಮುಂದಿನ ಪಾರಂಪರಿಕ ಕಟ್ಟಡ ಮುಖ್ಯವಾಗಿ ಮಧ್ಯ ರೈಲ್ವೆಯ ಕಚೇರಿ. ಹೊಸ ಸೌಕರ್ಯ ಹಿಂಬದಿಯಲ್ಲಿ ಬರಲಿ. ಗುಮ್ಮಟವನ್ನು ಮರೆಮಾಡುವ ಎತ್ತರಕ್ಕೆ ಮಾತ್ರ ಏರದಿರಲಿ.

ಇದು ಆಗದ ಮಾತಲ್ಲ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಕೂಡ ವಿಕ್ಟೋರಿಯಾ ಕಾಲದ್ದೇ. 1960ರ ದಶಕದಲ್ಲಿ ಅದನ್ನು ಕೆಡವುವ ಮಾತೆದ್ದಿತ್ತು. ಜನ ಪಟ್ಟು ಹಿಡಿದರು, 1967ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಹಳೆಯ ಚಾವಣಿಯನ್ನು ಉಳಿಸಿಕೊಂಡೇ ನಿಲ್ದಾಣವನ್ನು ವಿಸ್ತರಿಸಿದರು. 2007ರಿಂದ ಪ್ಯಾರಿಸ್‌ ರೈಲು ಅಲ್ಲಿಂದಲೇ ಹೊರಡುತ್ತಿದೆ.

ಇನ್ನೊಂದು ಮಾತು. ಹಳೆಯ ಕಲ್ಲನ್ನು ತೊಳೆಯಲು, ಮುಕ್ಕಾದ ಕೆತ್ತನೆ ಸರಿಪಡಿಸಲು ಪಳಗಿದ ಕೈಗಳೇ ಬೇಕು. ಕಾರ್ಕಳದಂಥ ಊರುಗಳಲ್ಲಿ ಶಿಲ್ಪವಿದ್ಯೆ ಕಲಿತ ಯುವಕರು ನಮ್ಮಲ್ಲಿದ್ದಾರೆ. ಕೋಟಿಗಟ್ಟಲೆ ಹಣದ ಯೋಜನೆಯಲ್ಲಿ ಇಂಥವರಿಗೆ ತರಬೇತಿ, ಸಂಬಳದ ಕೆಲಸ ಮೀಸಲಿಟ್ಟರೆ ಕಟ್ಟಡವೂ ಉಳಿಯುತ್ತದೆ, ಕಸುಬೂ ಉಳಿಯುತ್ತದೆ.

ಅಂದು ನಾನು ಬರೆದ ಪರೀಕ್ಷೆಯಲ್ಲಿ ಹುದ್ದೆಗಳು ಬೆರಳೆಣಿಕೆಯಷ್ಟು, ಅಭ್ಯರ್ಥಿಗಳು ಸಾವಿರಾರು. ವಿದ್ಯಾರ್ಥಿಗಳ ಕೈಯಲ್ಲಿ ಅರಳಿದ ಕಟ್ಟಡ ಇನ್ನಷ್ಟು ಯುವಕರಿಗೆ ಅನ್ನ ಕೊಡಬಾರದೇಕೆ?